ಕ್ಯಾರೊಲಿನ್ ಹ್ಯಾಸ್ಲೆಟ್

ಡೇಮ್ ಕ್ಯಾರೊಲಿನ್ ಹ್ಯಾಸ್ಲೆಟ್ (17 ಆಗಸ್ಟ್ 1895 – 4 ಜನವರಿ 1957) ಇಂಗ್ಲೆಂಡಿನ ವಿದ್ಯುತ್ ಎಂಜಿನಿಯರ್, ಸಂಘಟಕಿ ಹಾಗೂ ಗೃಹಬಳಕೆಯ ವಿದ್ಯುತ್ ಸುರಕ್ಷತೆಗಾಗಿ ದುಡಿದ ಪ್ರಮುಖರಲ್ಲಿ ಒಬ್ಬರು. ಮಹಿಳಾ ಎಂಜಿನಿಯರಿಂಗ್ ಸೊಸೈಟಿಯ ಮೊದಲ ಕಾರ್ಯದರ್ಶಿಯಾಗಿ ಮತ್ತು ಮಹಿಳೆಯರ ವಿದ್ಯುತ್ ಸಂಘದ ಮೊದಲ ನಿರ್ದೇಶಕಿಯಾಗಿ ಅವರು ಮೂರು ದಶಕಗಳಿಗೂ ಹೆಚ್ಚು ಕಾಲ ಸೇವೆ ಸಲ್ಲಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮನೆಗಳ ವೈರಿಂಗ್ ವ್ಯವಸ್ಥೆಯನ್ನು ಮರುರೂಪಿಸಲು ನೇಮಕವಾದ 20 ಸದಸ್ಯರ ಸಮಿತಿಯಲ್ಲಿ ಅವರು ಏಕೈಕ ಮಹಿಳೆಯಾಗಿದ್ದರು. ಆ ಸಮಿತಿಯ ಶಿಫಾರಸುಗಳ ಆಧಾರದ ಮೇಲೆ 1947ರಲ್ಲಿ ಪ್ರಕಟವಾದ ಬಿಎಸ್ 1363 ಮಾನದಂಡದ ಪ್ಲಗ್ ಮತ್ತು ಸಾಕೆಟ್ ಇಂದಿಗೂ ಬ್ರಿಟನ್ ಹಾಗೂ ಇತರ ಹಲವು ದೇಶಗಳಲ್ಲಿ ಬಳಕೆಯಲ್ಲಿವೆ.

ಜನನ ಮತ್ತು ಬಾಲ್ಯ

ಕ್ಯಾರೊಲಿನ್ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ವರ್ತ್ ಎಂಬಲ್ಲಿ ಜನಿಸಿದರು. ಈ ಊರು ಈಗ ಕ್ರಾಲಿ ಪಟ್ಟಣದ ಭಾಗವಾಗಿದೆ. ತಂದೆ ರಾಬರ್ಟ್ ಹ್ಯಾಸ್ಲೆಟ್ ರೈಲ್ವೆಯಲ್ಲಿ ಸಿಗ್ನಲ್ ಜೋಡಿಸುವ ಕೆಲಸಗಾರರಾಗಿದ್ದರು. ಸಹಕಾರ ಚಳವಳಿಯಲ್ಲಿಯೂ ಅವರು ತೊಡಗಿಕೊಂಡಿದ್ದರು. ಕ್ಯಾರೊಲಿನ್ ಅವರ ವಿದ್ಯಾಭ್ಯಾಸ ಹೇವರ್ಡ್ಸ್ ಹೀತ್‌ನ ಪ್ರೌಢಶಾಲೆಯಲ್ಲಿ ನಡೆಯಿತು. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಎಂಜಿನಿಯರಿಂಗ್ ಕಲಿಯುವ ಅವಕಾಶ ಬಹುಮಟ್ಟಿಗೆ ಮುಚ್ಚಿತ್ತು. ಆದುದರಿಂದ ಶಾಲೆ ಮುಗಿಸಿದ ಅವರು ಲಂಡನ್ನಿನಲ್ಲಿ ಕಾರ್ಯದರ್ಶಿಯ ಕೆಲಸಕ್ಕೆ ಬೇಕಾದ ತರಬೇತಿಯನ್ನು ಪಡೆದರು. ಮಹಿಳೆಯರ ಮತದಾನದ ಹಕ್ಕಿಗಾಗಿ ನಡೆಯುತ್ತಿದ್ದ ಹೋರಾಟಕ್ಕೂ ಇದೇ ಕಾಲದಲ್ಲಿ ಸೇರಿದರು.

ಎಂಜಿನಿಯರಿಂಗ್ ಕ್ಷೇತ್ರ ಪ್ರವೇಶ

1914ರಲ್ಲಿ ಕ್ಯಾರೊಲಿನ್ ಕಾಕ್ರನ್ ಬಾಯ್ಲರ್ ಕಂಪನಿಯ ಲಂಡನ್ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದರು. ಅದೇ ವರ್ಷ ಆರಂಭವಾದ ಮೊದಲ ಮಹಾಯುದ್ಧವು ಗಂಡಸರನ್ನು ಸೈನ್ಯಕ್ಕೆ ಸೆಳೆದುಕೊಂಡಿತು. ಕಾರ್ಖಾನೆಗಳಲ್ಲಿ ತೆರವಾದ ಸ್ಥಾನಗಳನ್ನು ಮಹಿಳೆಯರು ತುಂಬತೊಡಗಿದರು. ಕಾಗದಪತ್ರಗಳ ಕೆಲಸದಲ್ಲಿ ತೃಪ್ತಿ ಕಾಣದ ಕ್ಯಾರೊಲಿನ್ 1918ರಲ್ಲಿ ಕಾರ್ಖಾನೆ ವಿಭಾಗಕ್ಕೆ ವರ್ಗವಾಗಿ, ಲಂಡನ್ನಿನಲ್ಲಿಯೂ ಸ್ಕಾಟ್ಲೆಂಡಿನ ಆ್ಯನನ್ ಪಟ್ಟಣದಲ್ಲಿಯೂ ಎಂಜಿನಿಯರಿಂಗ್ ತರಬೇತಿ ಪಡೆದರು.

ಯುದ್ಧ ಮುಗಿದ ಮೇಲೆ ಪರಿಸ್ಥಿತಿ ಬದಲಾಯಿತು. ಯುದ್ಧಪೂರ್ವದ ಪದ್ಧತಿಗಳನ್ನು ಮರಳಿ ಜಾರಿಗೆ ತರುವ ಕಾಯಿದೆಯೊಂದು 1919ರಲ್ಲಿ ಬಂದು, ಕಾರ್ಖಾನೆಗಳಲ್ಲಿ ದುಡಿದಿದ್ದ ಮಹಿಳೆಯರು ಸ್ಥಾನ ತೆರವು ಮಾಡಬೇಕಾಯಿತು. ಇದಕ್ಕೆ ಪ್ರತಿಯಾಗಿ ಕ್ಯಾಥರಿನ್ ಪಾರ್ಸನ್ಸ್, ಅವರ ಮಗಳು ರೇಚಲ್ ಪಾರ್ಸನ್ಸ್ ಮತ್ತು ಇತರರು ಸೇರಿ 1919ರ ಜೂನ್ ತಿಂಗಳಲ್ಲಿ ಮಹಿಳಾ ಎಂಜಿನಿಯರಿಂಗ್ ಸೊಸೈಟಿಯನ್ನು ಸ್ಥಾಪಿಸಿದರು. ಎಂಜಿನಿಯರಿಂಗ್ ಕಾರ್ಖಾನೆಯ ಅನುಭವವುಳ್ಳ ಕಾರ್ಯದರ್ಶಿ ಬೇಕೆಂದು ಪ್ರಕಟವಾದ ಜಾಹೀರಾತನ್ನು ನೋಡಿ ಅರ್ಜಿ ಸಲ್ಲಿಸಿದ ಕ್ಯಾರೊಲಿನ್ ಸೊಸೈಟಿಯ ಮೊದಲ ಕಾರ್ಯದರ್ಶಿಯಾದರು. ಸೊಸೈಟಿಯ ಪತ್ರಿಕೆಯ ಸಂಪಾದಕತ್ವವನ್ನೂ ಅವರೇ ವಹಿಸಿಕೊಂಡರು. ವಿಜ್ಞಾನ, ಉದ್ಯಮ ಮತ್ತು ವಾಣಿಜ್ಯ ಕ್ಷೇತ್ರಗಳ ಮಹಿಳೆಯರ ಸಮ್ಮೇಳನವನ್ನು 1925ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಸಂಘಟಿಸಿದರು.

ಮಹಿಳೆಯರ ವಿದ್ಯುತ್ ಸಂಘ

1920ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಬಹುಪಾಲು ಮನೆಗಳಿಗೆ ವಿದ್ಯುತ್ ಸಂಪರ್ಕವಿರಲಿಲ್ಲ. ಕಲ್ಲಿದ್ದಲಿನ ಒಲೆ ಹೊತ್ತಿಸುವುದು, ಬೂದಿ ತೆಗೆಯುವುದು, ನೀರು ಕಾಯಿಸುವುದು, ಕೈಯಿಂದಲೇ ಬಟ್ಟೆ ಒಗೆಯುವುದು ಹೆಂಗಸರ ದಿನದ ಬಹುಭಾಗವನ್ನು ತೆಗೆದುಕೊಳ್ಳುತ್ತಿದ್ದವು. ಈ ದುಡಿಮೆಯನ್ನು ವಿದ್ಯುತ್ತು ಹಗುರಗೊಳಿಸಬಲ್ಲದು ಎಂಬುದು ಕ್ಯಾರೊಲಿನ್ ಅವರ ದೃಢ ನಂಬಿಕೆಯಾಗಿತ್ತು. ಮನೆಯೊಳಗೆ ವಿದ್ಯುತ್ ಬಳಕೆಯನ್ನು ಜನಪ್ರಿಯಗೊಳಿಸಬೇಕೆಂಬ ಮೇಬಲ್ ಮ್ಯಾಥ್ಯೂಸ್ ಅವರ ಸಲಹೆಯನ್ನು ಕ್ಯಾರೊಲಿನ್ ಉತ್ಸಾಹದಿಂದ ಸ್ವೀಕರಿಸಿದರು. ಅದರ ಫಲವಾಗಿ 1924ರ ನವೆಂಬರ್‌ನಲ್ಲಿ ಮಹಿಳೆಯರ ವಿದ್ಯುತ್ ಸಂಘ ಹುಟ್ಟಿಕೊಂಡಿತು. ಬ್ರಿಟಿಷ್ ಸಂಸತ್ತಿನ ಸದಸ್ಯೆ ನ್ಯಾನ್ಸಿ ಆಸ್ಟರ್ ಸಂಘದ ಮೊದಲ ಅಧ್ಯಕ್ಷೆಯಾದರು. ಕ್ಯಾರೊಲಿನ್ ನಿರ್ದೇಶಕಿಯಾಗಿ 1956ರವರೆಗೆ ಸಂಘವನ್ನು ಮುನ್ನಡೆಸಿದರು.

ಸಂಘವು ದೇಶದಾದ್ಯಂತ ಶಾಖೆಗಳನ್ನು ತೆರೆಯಿತು. ಉಪನ್ಯಾಸ, ಪ್ರಾತ್ಯಕ್ಷಿಕೆ ಮತ್ತು ತರಗತಿಗಳ ಮೂಲಕ ಮೀಟರ್ ಓದುವುದು, ಫ್ಯೂಸ್ ಬದಲಾಯಿಸುವುದು, ಪ್ಲಗ್ಗಿಗೆ ತಂತಿ ಜೋಡಿಸುವುದು ಮೊದಲಾದ ಕೆಲಸಗಳನ್ನು ಗೃಹಿಣಿಯರಿಗೆ ಕಲಿಸಲಾಗುತ್ತಿತ್ತು. ವಿದ್ಯುತ್ ಉಪಕರಣಗಳ ಬಗ್ಗೆ ಬೋಧಿಸುವವರಿಗೂ ಅವನ್ನು ಪ್ರದರ್ಶಿಸುವವರಿಗೂ ಪ್ರಮಾಣಪತ್ರ ಪರೀಕ್ಷೆಗಳಿದ್ದವು. 1934ರಲ್ಲಿ ಕ್ಯಾರೊಲಿನ್ ಅವರ ಸಂಪಾದಕತ್ವದಲ್ಲಿ ಮಹಿಳೆಯರಿಗಾಗಿ ವಿದ್ಯುತ್ ಕೈಪಿಡಿ ಪ್ರಕಟವಾಯಿತು. 1935ರಲ್ಲಿ ಸಂಘವು ಬ್ರಿಸ್ಟಲ್ ನಗರದಲ್ಲಿ ಸಂಪೂರ್ಣ ವಿದ್ಯುತ್ತಿನಿಂದ ನಡೆಯುವ ಮನೆಯೊಂದನ್ನು ಕಟ್ಟಿಸಿ ಸಾರ್ವಜನಿಕರ ವೀಕ್ಷಣೆಗೆ ತೆರೆಯಿತು. ಬಳಕೆದಾರರ ಅಭಿಪ್ರಾಯಗಳನ್ನು ಸಂಗ್ರಹಿಸಿ ಉಪಕರಣ ತಯಾರಕರಿಗೂ ವಾಸ್ತುಶಿಲ್ಪಿಗಳಿಗೂ ತಲುಪಿಸುವುದು ಸಂಘದ ಇನ್ನೊಂದು ಮುಖ್ಯ ಕಾರ್ಯವಾಗಿತ್ತು.

ಆ ಕಾಲದ ಮನೆಗಳಲ್ಲಿ ವಿದ್ಯುತ್ ಅಪಾಯ

ಬ್ರಿಟನ್ನಿನಲ್ಲಿ ವೈರಿಂಗ್ ಕುರಿತ ಮೊದಲ ನಿಯಮಗಳು 1882ರಲ್ಲಿಯೇ ಪ್ರಕಟವಾಗಿದ್ದವು. ಆದರೆ ಅವುಗಳ ಶೀರ್ಷಿಕೆಯೇ ಸೂಚಿಸುವಂತೆ, ವಿದ್ಯುದ್ದೀಪಗಳಿಂದ ಕಟ್ಟಡಕ್ಕೆ ಬೆಂಕಿ ಬೀಳದಂತೆ ತಡೆಯುವುದು ಅವುಗಳ ಮುಖ್ಯ ಗುರಿಯಾಗಿತ್ತು. ಇಸ್ತ್ರಿಪೆಟ್ಟಿಗೆ, ಕೆಟಲ್, ಹೀಟರ್ ಮೊದಲಾದ ಕೈಗೆ ತಾಕುವ ಉಪಕರಣಗಳು ಮನೆಗೆ ಬಂದಂತೆ ಮನುಷ್ಯರಿಗೆ ತಗಲುವ ವಿದ್ಯುತ್ ಆಘಾತವೂ ಅಷ್ಟೇ ದೊಡ್ಡ ಸಮಸ್ಯೆಯಾಯಿತು.

ಎರಡು ಮಹಾಯುದ್ಧಗಳ ನಡುವಿನ ಅವಧಿಯಲ್ಲಿ ಬ್ರಿಟನ್ನಿನ ಮನೆಗಳಲ್ಲಿ ಏಕರೂಪದ ವ್ಯವಸ್ಥೆ ಇರಲಿಲ್ಲ. ದುಂಡು ಪಿನ್ನುಗಳ 2, 5 ಮತ್ತು 15 ಆಂಪಿಯರ್ ಪ್ಲಗ್ಗುಗಳು ಬೇರೆ ಬೇರೆ ಗಾತ್ರದಲ್ಲಿದ್ದು, ಒಂದು ಕೋಣೆಯ ಉಪಕರಣ ಮತ್ತೊಂದು ಕೋಣೆಯ ಸಾಕೆಟ್ಟಿಗೆ ಹೊಂದುತ್ತಿರಲಿಲ್ಲ. ಭೂಸಂಪರ್ಕವಿಲ್ಲದ ಎರಡು ಪಿನ್ನಿನ ಪ್ಲಗ್ಗುಗಳೂ ಬಳಕೆಯಲ್ಲಿದ್ದವು. ಸಾಕೆಟ್ಟುಗಳು ಕಡಿಮೆ ಇದ್ದುದರಿಂದ ಒಂದರ ಮೇಲೊಂದು ಅಡಾಪ್ಟರ್ ಜೋಡಿಸುವುದು, ದೀಪದ ಹೋಲ್ಡರಿನಿಂದಲೇ ಇಸ್ತ್ರಿಪೆಟ್ಟಿಗೆಗೆ ವಿದ್ಯುತ್ ಪಡೆಯುವುದು ಸಾಮಾನ್ಯವಾಗಿತ್ತು. ದೀಪದ ಹೋಲ್ಡರಿನಲ್ಲಿ ಭೂಸಂಪರ್ಕದ ತಂತಿ ಇರುವುದಿಲ್ಲ. ಹೀಗೆ ಜೋಡಿಸಿದ ಉಪಕರಣದೊಳಗಿನ ತಂತಿ ಸವೆದು ಲೋಹದ ಕವಚಕ್ಕೆ ತಾಕಿದರೆ, ವಿದ್ಯುತ್ ಹರಿದುಹೋಗಲು ಅದನ್ನು ಹಿಡಿದವರ ದೇಹವೇ ದಾರಿಯಾಗುತ್ತಿತ್ತು. ಭೂಸಂಪರ್ಕವಿದ್ದಲ್ಲಿ ಅದೇ ದೋಷದಿಂದ ಹೆಚ್ಚಿನ ವಿದ್ಯುತ್ ನೆಲಕ್ಕೆ ಹರಿದು ಫ್ಯೂಸ್ ಕರಗುತ್ತದೆ ಮತ್ತು ಸರಬರಾಜು ಕಡಿತಗೊಳ್ಳುತ್ತದೆ.

1930ರ ದಶಕದಲ್ಲಿ ಅಪಘಾತಗಳ ತಡೆಗಾಗಿ ಶ್ರಮಿಸುತ್ತಿದ್ದ ಬ್ರಿಟನ್ನಿನ ರಾಷ್ಟ್ರೀಯ ಸಂಸ್ಥೆಯ ಗೃಹಸುರಕ್ಷತಾ ಸಮಿತಿಯ ಅಧ್ಯಕ್ಷತೆಯನ್ನು ಕ್ಯಾರೊಲಿನ್ ವಹಿಸಿದ್ದರು. ವಿದ್ಯುತ್ತಿನ ಬಳಕೆಯನ್ನು ಹರಡುವ ಕೆಲಸವೂ ಅದರ ಅಪಾಯವನ್ನು ತಗ್ಗಿಸುವ ಕೆಲಸವೂ ಹೀಗೆ ಅವರಲ್ಲಿ ಒಂದಾದವು.

ಯುದ್ಧಕಾಲದ ಸಮಿತಿ

ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗಳಲ್ಲಿ ಬ್ರಿಟನ್ನಿನ ಅಸಂಖ್ಯಾತ ಮನೆಗಳು ನಾಶವಾದವು. ಯುದ್ಧಾನಂತರ ದೊಡ್ಡ ಪ್ರಮಾಣದಲ್ಲಿ ಮನೆಗಳನ್ನು ಕಟ್ಟಬೇಕಾಗುವುದೆಂಬುದು ಸ್ಪಷ್ಟವಾಗಿದ್ದುದರಿಂದ, ಯುದ್ಧ ನಡೆಯುತ್ತಿರುವಾಗಲೇ ಕಟ್ಟಡ ನಿರ್ಮಾಣದ ವಿವಿಧ ಅಂಗಗಳನ್ನು ಅಧ್ಯಯನ ಮಾಡಲು ಸಮಿತಿಗಳು ರಚನೆಯಾದವು. ವಿದ್ಯುತ್ ವ್ಯವಸ್ಥೆಯ ಅಧ್ಯಯನಕ್ಕಾಗಿ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯು 1942ರಲ್ಲಿ 20 ಸದಸ್ಯರ ಸಮಿತಿಯನ್ನು ಕರೆಯಿತು. ಕ್ಯಾರೊಲಿನ್ ಅದರ ಸದಸ್ಯೆಯಾದರು.

ಸಮಿತಿಯ ವರದಿ 1944ರಲ್ಲಿ ಯುದ್ಧಾನಂತರದ ಕಟ್ಟಡ ಅಧ್ಯಯನ ಮಾಲೆಯ 11ನೆಯ ಸಂಚಿಕೆಯಾಗಿ ಹೊರಬಂದಿತು. ಇಡೀ ಮನೆಗೆ ಒಂದೇ ಗಾತ್ರದ ಸಾಕೆಟ್ ಇರಬೇಕು, ಸಾಕೆಟ್ಟುಗಳ ಸಂಖ್ಯೆ ಹೆಚ್ಚಬೇಕು, ಅವುಗಳಿಗೆ ಉಂಗುರಾಕಾರದ ಮಂಡಲದಿಂದ ವಿದ್ಯುತ್ ಪೂರೈಸಬಹುದು ಎಂಬ ವಿಚಾರಗಳು ಈ ಅಧ್ಯಯನದಿಂದ ರೂಪುಗೊಂಡವು. ಚಿಕ್ಕ ಮಕ್ಕಳ ರಕ್ಷಣೆಗಾಗಿ ಸಾಕೆಟ್ಟಿನ ರಂಧ್ರಗಳು ತಾವಾಗಿಯೇ ಮುಚ್ಚಿಕೊಂಡಿರಬೇಕು ಎಂಬುದು ಅದರ ಮಹತ್ವದ ಶಿಫಾರಸುಗಳಲ್ಲಿ ಒಂದು. ಮುಚ್ಚಳವುಳ್ಳ ಸಾಕೆಟ್ಟುಗಳು ಅದಕ್ಕೆ ಮುಂಚೆಯೂ ಮಾರುಕಟ್ಟೆಯಲ್ಲಿದ್ದವು. ಆದರೆ ಬೇಕೆಂದವರು ಹಣ ಕೊಟ್ಟು ಕೊಳ್ಳುವ ವಿಶೇಷ ವಸ್ತುವಾಗಿದ್ದ ಅವು ಇನ್ನು ಮುಂದೆ ಪ್ರತಿಯೊಂದು ಮನೆಯ ಗೋಡೆಯಲ್ಲಿಯೂ ಇರಬೇಕಾಯಿತು.

ಹೊಸ ಪ್ಲಗ್ ಮತ್ತು ಸಾಕೆಟ್ಟಿನ ರಚನೆ

ಈ ಶಿಫಾರಸುಗಳನ್ನು ಅನುಸರಿಸಿ 1947ರಲ್ಲಿ ಬಿಎಸ್ 1363 ಮಾನದಂಡ ಪ್ರಕಟವಾಯಿತು. ಇದರ ಪ್ಲಗ್ಗಿನಲ್ಲಿ ಮೂರು ಆಯತಾಕಾರದ ಪಿನ್ನುಗಳಿದ್ದು, ಭೂಸಂಪರ್ಕದ ಪಿನ್ ಉಳಿದೆರಡಕ್ಕಿಂತ ಉದ್ದವಾಗಿರುತ್ತದೆ. ಸಾಮಾನ್ಯ ರಚನೆಯ ಸಾಕೆಟ್ಟಿನಲ್ಲಿ ಮೊದಲು ಒಳಹೋಗುವ ಈ ಪಿನ್ ಉಳಿದ ಎರಡು ರಂಧ್ರಗಳ ಮುಚ್ಚಳವನ್ನು ಸರಿಸುತ್ತದೆ. ಹೀಗಾಗಿ ಮಗುವೊಂದು ಮೊಳೆಯನ್ನೋ ಕಡ್ಡಿಯನ್ನೋ ಕೆಳಗಿನ ರಂಧ್ರಕ್ಕೆ ತೂರಿಸಲು ಯತ್ನಿಸಿದರೆ ವಿದ್ಯುತ್ ಇರುವ ಭಾಗಕ್ಕೆ ಅದು ತಲುಪುವುದಿಲ್ಲ. ಪ್ಲಗ್ಗನ್ನು ಚುಚ್ಚುವಾಗ ಭೂಸಂಪರ್ಕ ಮೊದಲು ಏರ್ಪಡುತ್ತದೆ, ಕೀಳುವಾಗ ಕೊನೆಗೆ ತಪ್ಪುತ್ತದೆ.

ಎರಡನೆಯ ವಿಶೇಷವೆಂದರೆ ಪ್ಲಗ್ಗಿನೊಳಗಿನ ಫ್ಯೂಸ್. ಉಂಗುರಾಕಾರದ ಮಂಡಲದಲ್ಲಿ ತಂತಿಯು ಫ್ಯೂಸ್ ಪೆಟ್ಟಿಗೆಯಿಂದ ಹೊರಟು ಎಲ್ಲ ಸಾಕೆಟ್ಟುಗಳನ್ನು ಸುತ್ತಿ ಮತ್ತೆ ಅಲ್ಲಿಗೇ ಮರಳುತ್ತದೆ. ಪ್ರತಿ ಸಾಕೆಟ್ಟಿಗೂ ಎರಡು ಕಡೆಯಿಂದ ವಿದ್ಯುತ್ ಹರಿಯುವುದರಿಂದ ತೆಳುವಾದ ತಂತಿಯಲ್ಲಿಯೇ ಹೆಚ್ಚು ಸಾಕೆಟ್ಟುಗಳನ್ನು ನಡೆಸಬಹುದು. ತಾಮ್ರದ ಉಳಿತಾಯವೂ ಆಗುತ್ತದೆ. ಈ ಮಂಡಲದ ಫ್ಯೂಸ್ 30 ಆಂಪಿಯರಿನದಾಗಿತ್ತು. ಮೇಜಿನ ದೀಪದ ತೆಳುವಾದ ತಂತಿಯಲ್ಲಿ ದೋಷ ಉಂಟಾದರೆ ಅಷ್ಟು ದೊಡ್ಡ ಫ್ಯೂಸ್ ಕರಗುವ ಮೊದಲೇ ದೀಪದ ತಂತಿ ಸುಟ್ಟುಹೋಗುವ ಅಪಾಯವಿತ್ತು. ಆ ಕಾರಣದಿಂದ ಪ್ರತಿ ಉಪಕರಣದ ಪ್ಲಗ್ಗಿನಲ್ಲಿಯೇ ಅದರ ತಂತಿಗೆ ತಕ್ಕ ಸಣ್ಣ ಫ್ಯೂಸನ್ನು ಇಡುವ ಪದ್ಧತಿ ಬಂದಿತು. ಇದರ ಗರಿಷ್ಠ ಮಿತಿ 13 ಆಂಪಿಯರ್. ಸುಮಾರು 3 ಕಿಲೋವ್ಯಾಟ್ ಸಾಮರ್ಥ್ಯದ ಹೀಟರ್ ನಡೆಸಲು ಇದು ಸಾಕಾಗುತ್ತದೆ.

ಹೊಸ ಪ್ಲಗ್ಗನ್ನು ಕ್ಯಾರೊಲಿನ್ ಅವರೇ ಕಂಡುಹಿಡಿದರು ಎಂಬ ಹೇಳಿಕೆ ಕೆಲವೆಡೆ ಕಂಡುಬರುತ್ತದೆ, ಇದು ಸರಿಯಲ್ಲ. ಪ್ಲಗ್ಗಿನ ವಿನ್ಯಾಸ ಅನೇಕ ಎಂಜಿನಿಯರುಗಳ ಮತ್ತು ತಯಾರಕರ ಸಾಮೂಹಿಕ ಶ್ರಮದ ಫಲ. ಅದಕ್ಕೆ ತಳಹದಿಯಾದ ಸಮಿತಿಯಲ್ಲಿ ಗೃಹಬಳಕೆಯ ಸುರಕ್ಷತೆಯ ಅನುಭವವನ್ನು ಪ್ರತಿನಿಧಿಸಿದ್ದು ಕ್ಯಾರೊಲಿನ್ ಅವರ ಕೊಡುಗೆ.

ಸಾರ್ವಜನಿಕ ಹುದ್ದೆಗಳು ಮತ್ತು ಗೌರವಗಳು

ಕ್ಯಾರೊಲಿನ್ 1930ರಲ್ಲಿ ಬರ್ಲಿನ್ ನಗರದಲ್ಲಿ ನಡೆದ ವಿಶ್ವ ಶಕ್ತಿ ಸಮ್ಮೇಳನದಲ್ಲಿ ಭಾಗವಹಿಸಿದರು. 1931ರಲ್ಲಿ ಅವರಿಗೆ ಸಿಬಿಇ ಗೌರವ ದೊರೆಯಿತು. 1932ರಲ್ಲಿ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಕಂಪ್ಯಾನಿಯನ್ ದರ್ಜೆಗೆ ಸೇರಿದ ಮೊದಲ ಮಹಿಳೆಯಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಹಿಳೆಯರ ತರಬೇತಿಯ ಬಗ್ಗೆ ಸರ್ಕಾರಕ್ಕೆ ಸಲಹೆ ನೀಡಿದರು. 1947ರಲ್ಲಿ ಡೇಮ್ ಪದವಿ ಲಭಿಸಿತು. ಅದೇ ವರ್ಷ ವಿದ್ಯುತ್ ಉದ್ಯಮದ ರಾಷ್ಟ್ರೀಕರಣಕ್ಕೆ ಕಾಯಿದೆ ಜಾರಿಯಾಗಿ, ಹೊಸದಾಗಿ ರಚನೆಯಾದ ಬ್ರಿಟಿಷ್ ವಿದ್ಯುತ್ ಪ್ರಾಧಿಕಾರಕ್ಕೆ ಅವರು ಅಲ್ಪಕಾಲಿಕ ಸದಸ್ಯೆಯಾಗಿ ನೇಮಕಗೊಂಡರು. ಪ್ರಾಧಿಕಾರವು ಕಲ್ಲಿದ್ದಲು ಸಾಗಿಸುವ ತನ್ನ ಹಡಗೊಂದಕ್ಕೆ ಅವರ ಹೆಸರನ್ನಿಟ್ಟಿತು. ತಾವು ಹುಟ್ಟಿದ ಪ್ರದೇಶದಲ್ಲಿಯೇ ನಿರ್ಮಾಣವಾದ ಕ್ರಾಲಿ ಹೊಸ ಪಟ್ಟಣದ ಅಭಿವೃದ್ಧಿ ನಿಗಮದ ಸದಸ್ಯತ್ವವನ್ನೂ ಅವರು ಹೊಂದಿದ್ದರು. 1950ರಲ್ಲಿ ಉದ್ಯೋಗಸ್ಥ ಮಹಿಳೆಯರ ಅಂತರರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷೆಯಾಗಿ ಆಯ್ಕೆಯಾದರು.

ನಿಧನ

ಅನಾರೋಗ್ಯದ ಕಾರಣ 1956ರಲ್ಲಿ ನಿವೃತ್ತರಾದ ಕ್ಯಾರೊಲಿನ್, ಸಫೋಕ್ ಪ್ರಾಂತ್ಯದ ಬಂಗೇ ಪಟ್ಟಣದಲ್ಲಿದ್ದ ಸಹೋದರಿಯ ಮನೆಯಲ್ಲಿ 1957ರ ಜನವರಿ 4ರಂದು ನಿಧನರಾದರು. ಅವರು ಅವಿವಾಹಿತರಾಗಿದ್ದರು. ತಮ್ಮ ದೇಹವನ್ನು ವಿದ್ಯುತ್ ಚಿತಾಗಾರದಲ್ಲಿಯೇ ದಹಿಸಬೇಕೆಂದು ಅವರು ಉಯಿಲಿನಲ್ಲಿ ತಿಳಿಸಿದ್ದರು. ಅವರು ಕಟ್ಟಿ ಬೆಳೆಸಿದ ಮಹಿಳೆಯರ ವಿದ್ಯುತ್ ಸಂಘ 1986ರಲ್ಲಿ ಮುಚ್ಚಿತು.

ಇಂದಿನ ಪರಿವೀಕ್ಷಣಾ ವ್ಯವಸ್ಥೆಯೊಂದಿಗೆ ಸಂಬಂಧ

1944ರ ವರದಿಯಿಂದ ಬಂದ ವ್ಯವಸ್ಥೆಯು ಬಳಕೆದಾರರ ಎಚ್ಚರಿಕೆಯೊಂದನ್ನೇ ನೆಚ್ಚಿಕೊಳ್ಳದೆ ಸುರಕ್ಷತೆಯನ್ನು ಗೋಡೆಯೊಳಗೇ ಅಳವಡಿಸಿತು. ಆದರೆ ಗೋಡೆಯೊಳಗಿನ ದೋಷ ಕಣ್ಣಿಗೆ ಕಾಣುವುದಿಲ್ಲ. ಉಂಗುರಾಕಾರದ ಮಂಡಲ ಎಲ್ಲಿಯಾದರೂ ತುಂಡಾದರೆ ಎಲ್ಲ ಸಾಕೆಟ್ಟುಗಳೂ ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತವೆ. ಆದರೆ ಎರಡು ಕಡೆ ಹಂಚಿಹೋಗಬೇಕಾದ ಹೊರೆ ಒಂದೇ ಕಡೆ ಬಿದ್ದು ತಂತಿ ಮಿತಿಮೀರಿ ಬಿಸಿಯಾಗಬಹುದು. ಭೂಸಂಪರ್ಕದ ತಂತಿ ಕಡಿದುಹೋದರೂ ದೀಪ ಉರಿಯುತ್ತದೆ, ಕೆಟಲ್ ಕಾಯುತ್ತದೆ. ಇಂತಹ ದೋಷಗಳು ಉಪಕರಣಗಳಿಂದ ಅಳೆದು ಪರೀಕ್ಷಿಸಿದಾಗ ಮಾತ್ರ ಗೊತ್ತಾಗುತ್ತವೆ. ಆದ್ದರಿಂದ ಬ್ರಿಟನ್ನಿನಲ್ಲಿ ನಡೆಯುವ ನಿಯತಕಾಲಿಕ ಪರಿವೀಕ್ಷಣೆಯಲ್ಲಿ ಉಂಗುರದ ಅಖಂಡತೆ, ಭೂಸಂಪರ್ಕ ಮತ್ತು ತಂತಿಗಳ ನಿರೋಧಕ ಹೊದಿಕೆಯ ಸ್ಥಿತಿಯನ್ನು ಪರೀಕ್ಷಿಸಲಾಗುತ್ತದೆ.

ಬಾಡಿಗೆ ಮನೆಗಳಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ. ಅಲ್ಲಿ ಅಪಾಯ ಎದುರಿಸುವವರು ಬಾಡಿಗೆದಾರರು, ವೈರಿಂಗ್ ದುರಸ್ತಿ ಮಾಡಿಸಬೇಕಾದವರು ಮಾಲೀಕರು. ಇಂಗ್ಲೆಂಡಿನಲ್ಲಿ 2020ರ ನಿಯಮಗಳ ಪ್ರಕಾರ ಖಾಸಗಿ ಬಾಡಿಗೆ ಮನೆಗಳ ವಿದ್ಯುತ್ ವ್ಯವಸ್ಥೆಯನ್ನು ಕನಿಷ್ಠ 5 ವರ್ಷಗಳಿಗೊಮ್ಮೆ ಅರ್ಹ ವ್ಯಕ್ತಿಯಿಂದ ಪರೀಕ್ಷಿಸಿ, ವರದಿಯ ಪ್ರತಿಯನ್ನು ಬಾಡಿಗೆದಾರರಿಗೆ ನೀಡಬೇಕು. ಅಂಗಡಿ, ಕಚೇರಿ, ಕಾರ್ಖಾನೆ ಮೊದಲಾದ ಕೆಲಸದ ಸ್ಥಳಗಳಿಗೆ 1989ರ ಪ್ರತ್ಯೇಕ ನಿಯಮಗಳು ಅನ್ವಯಿಸುತ್ತವೆ.

ಸಾಕೆಟ್ಟಿನ ಮುಚ್ಚಳದ ಮಹತ್ವ 2016ರಲ್ಲಿ ಮತ್ತೊಮ್ಮೆ ಚರ್ಚೆಗೆ ಬಂದಿತು. ಮಕ್ಕಳ ರಕ್ಷಣೆಗೆಂದು ಮಾರಾಟವಾಗುವ ಪ್ಲಾಸ್ಟಿಕ್ ಬಿರಡೆಗಳನ್ನು ಚುಚ್ಚಿದಾಗ ಸಾಕೆಟ್ಟಿನ ಒಳಗಿನ ಮುಚ್ಚಳವೇ ತೆರೆದುಕೊಂಡು ಅಪಾಯ ಹೆಚ್ಚಬಹುದೆಂಬ ಕಾರಣದಿಂದ, ಇಂಗ್ಲೆಂಡಿನ ಆರೋಗ್ಯ ಇಲಾಖೆ ಆರೋಗ್ಯ ಸೇವೆಯ ಕಟ್ಟಡಗಳಲ್ಲಿ ಅವನ್ನು ಬಳಸದಂತೆ ಸೂಚಿಸಿತು.

ಇತರ ದೇಶಗಳಲ್ಲಿ ಬಳಕೆ

ಬಿಎಸ್ 1363 ಪ್ಲಗ್ ಐರ್ಲೆಂಡ್, ಮಲೇಷ್ಯಾ, ಸಿಂಗಪುರ, ಹಾಂಗ್‌ಕಾಂಗ್, ಸಂಯುಕ್ತ ಅರಬ್ ಎಮಿರೇಟ್ಸ್, ಕತಾರ್ ಮೊದಲಾದೆಡೆ ಬಳಕೆಯಲ್ಲಿದೆ. ಕರಾವಳಿ ಕರ್ನಾಟಕದಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋಗಿ ನೆಲೆಸಿರುವ ಕನ್ನಡಿಗರಿಗೆ ಈ ಚಪ್ಪಟೆ ಪಿನ್ನಿನ ಪ್ಲಗ್ ಪರಿಚಿತ. ಭಾರತದಲ್ಲಿ ಇದಕ್ಕೂ ಹಿಂದಿನ ಬ್ರಿಟಿಷ್ ದುಂಡು ಪಿನ್ನಿನ ಮಾದರಿಯೇ ಮುಂದುವರಿದು, ಇಂದಿನ 6 ಮತ್ತು 16 ಆಂಪಿಯರ್ ಸಾಕೆಟ್ಟುಗಳಿಗೆ ಆಧಾರವಾಯಿತು. ಭಾರತದ ಪ್ಲಗ್ಗುಗಳಲ್ಲಿ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಉದ್ದವಾದ ಭೂಸಂಪರ್ಕದ ಪಿನ್ ಮಾತ್ರ ಎರಡು ಮಾದರಿಗಳಲ್ಲಿಯೂ ಕಾಣಸಿಗುತ್ತದೆ.

ಮೌಲ್ಯಮಾಪನ

ವಿದ್ಯುತ್ತು ಹೆಂಗಸರನ್ನು ಮನೆಗೆಲಸದಿಂದ ಬಿಡುಗಡೆ ಮಾಡುವುದೆಂಬ ಕ್ಯಾರೊಲಿನ್ ಅವರ ನಿರೀಕ್ಷೆ ಪೂರ್ಣವಾಗಿ ಈಡೇರಲಿಲ್ಲ ಎಂಬ ಟೀಕೆ ಇದೆ. ಉಪಕರಣಗಳು ಬಂದ ಮೇಲೆಯೂ ಮನೆಗೆಲಸದ ಹೊಣೆ ಹೆಂಗಸರ ಮೇಲೆಯೇ ಉಳಿಯಿತು. ಶುಚಿತ್ವದ ನಿರೀಕ್ಷೆ ಹೆಚ್ಚಿದಂತೆ ಕೆಲಸವೂ ಹೆಚ್ಚಿತು. ಮಹಿಳೆಯರ ವಿದ್ಯುತ್ ಸಂಘಕ್ಕೆ ವಿದ್ಯುತ್ ಉದ್ಯಮದ ಬೆಂಬಲವಿದ್ದುದರಿಂದ ಅದರ ಚಟುವಟಿಕೆ ಉದ್ಯಮದ ಮಾರಾಟಕ್ಕೂ ನೆರವಾಯಿತು. ಉಪಕರಣಗಳನ್ನು ಮೊದಲು ಕೊಳ್ಳಬಲ್ಲವರಾಗಿದ್ದವರು ಅನುಕೂಲಸ್ಥ ಕುಟುಂಬಗಳವರು.

ಸುರಕ್ಷತೆಯ ವಿಷಯದಲ್ಲಿ ಅವರ ಕೊಡುಗೆ ಹೆಚ್ಚು ವ್ಯಾಪಕವಾದುದು. ಸಾಕೆಟ್ಟಿನ ಮುಚ್ಚಳ, ಭೂಸಂಪರ್ಕ ಮತ್ತು ಪ್ಲಗ್ಗಿನ ಫ್ಯೂಸ್ ಮನೆ ಸ್ವಂತದ್ದೇ ಬಾಡಿಗೆಯದ್ದೇ ಎಂಬ ಭೇದವಿಲ್ಲದೆ, ವಿದ್ಯುತ್ತಿನ ಬಗ್ಗೆ ಏನೂ ತಿಳಿಯದವರನ್ನೂ ಕಾಪಾಡುತ್ತವೆ. ವಿದ್ಯುತ್ತನ್ನು ಮನೆಯಲ್ಲಿ ನಿತ್ಯ ಬಳಸುವವರ ಅನುಭವಕ್ಕೆ ನಿಯಮ ರೂಪಿಸುವ ಸಮಿತಿಯಲ್ಲಿ ಸ್ಥಾನ ದೊರೆತುದು ಅವರ ಜೀವಿತಕಾರ್ಯದ ಪ್ರಮುಖ ಸಾಧನೆಯೆಂದು ಪರಿಗಣಿಸಲಾಗುತ್ತದೆ.